ಹಳೇ ಜೆನ್ ಒಂದೊಂದ್ ಸಲ ಮಾತ್ರ ಹೀಟ್ ಆಗ್ತಿದೆ, ಹೆಡ್ ಬಿಚ್ಚಿಸೋ ಮುಂಚೆ ಏನೇನ್ ನೋಡ್ಬೇಕು?

ಹಾಸನ್_ಜೆನ್:

ಎಲ್ರಿಗೂ ನಮಸ್ಕಾರ. ನಮ್ಮನೇಲಿ 1998ರ ಮಾರುತಿ ಜೆನ್ ಇದೆ, ಕಾರ್ಬುರೇಟರ್ ಮಾಡೆಲ್ಲು, ಅಪ್ಪ ತಗೊಂಡಿದ್ದು, ಈಗ ನಾನ್ ಓಡಿಸ್ತಿದೀನಿ. ಗಾಡಿ ಈಗ್ಲೂ ಚೆನ್ನಾಗೇ ಇದೆ, ಪಿಕಪ್ ಇದೆ, ಬಾಡಿ ತುಕ್ಕು ಹಿಡಿದಿಲ್ಲ, ಮಾರೋ ಮನಸ್ಸಂತೂ ಇಲ್ಲ. ತೊಂದ್ರೆ ಒಂದೇ, ಹೀಟು. ಅದೂ ಯಾವಾಗ್ಲೂ ಆದ್ರೆ ಒಂದು ದಾರಿ ಇರ್ತಿತ್ತು. ಊರೊಳಗೆ ಓಡಾಡುವಾಗ ಟೆಂಪರೇಚರ್ ಮೀಟರಿನ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೇ ನಿಂತಿರುತ್ತೆ, ಬೆಂಗಳೂರಿಗೆ ಹೋಗಿ ಬಂದ್ರೂ ಹಂಗೇ. ಆದ್ರೆ ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದ್ರೆ ಕೆಲವು ಸಲ ಮುಳ್ಳು ಮೆಲ್ಲಗೆ ಮೇಲಕ್ಕೆ ಹೋಗಿ ಮಾರನಹಳ್ಳಿ ಹತ್ರ ಬರೋಷ್ಟ್ರಲ್ಲಿ ಕೆಂಪು ಗೆರೆ ಮುಟ್ಟಿರುತ್ತೆ. ಸೈಡಿಗೆ ಹಾಕಿ ಅರ್ಧ ಗಂಟೆ ನಿಂತ್ರೆ ಇಳಿಯುತ್ತೆ, ಆಮೇಲೆ ಹಾಸನದವರೆಗೂ ಏನೂ ಇಲ್ಲ. ಇನ್ನೊಂದ್ ಸಲ ಅದೇ ರಸ್ತೆ, ಅದೇ ಜನ, ಅದೇ ಲಗೇಜು, ಏನೂ ಆಗಲ್ಲ! ಇದೇ ತಲೆ ಕೆಡಿಸ್ತಿರೋದು.

ಮೆಕ್ಯಾನಿಕ್‌ಗಳ ಹತ್ರ ತೋರ್ಸಿದೀನಿ. ಒಬ್ರು ತರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿ ಆದ್ಮೇಲೆ ಮಾತ್ರ, ನೀರು ತಣ್ಣಗೆ ಮಾಡೋ ರೇಡಿಯೇಟರಿಗೆ ನೀರು ಬಿಡೋದು) ಹೊಸದು ಹಾಕಿದ್ರು. ಸರಿಹೋಗ್ಲಿಲ್ಲ. ಇನ್ನೊಬ್ರು ಆ ವಾಲ್ವನ್ನೇ ಕಿತ್ತು ಬಿಸಾಕಿ ಫ್ಯಾನ್ ಡೈರೆಕ್ಟ್ ಮಾಡಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ವಿಚ್ ಕೊಟ್ರು, ಬೇಕಾದಾಗ ಹಾಕ್ಕೊಳಿ ಅಂತ. ಅವತ್ತಿಂದ ಬೆಳಿಗ್ಗೆ ಇಂಜಿನ್ ಬಿಸಿ ಆಗೋಕೇ ತುಂಬಾ ಹೊತ್ತು ಹಿಡಿಯುತ್ತೆ, ಮೈಲೇಜೂ ಇಳಿದಿದೆ, ಘಟ್ಟದಲ್ಲಿ ಹೀಟ್ ಆಗೋದು ಮಾತ್ರ ನಿಂತಿಲ್ಲ. ಈಗ ಮತ್ತೊಬ್ರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಸೀಲು) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಹೊಡೆಸ್ಬೇಕು, ಅಂದ್ರೆ ಅದರ ಮುಖ ಸಮತಟ್ಟು ಮಾಡಿಸ್ಬೇಕು, ಇಪ್ಪತ್ತು ಸಾವಿರದ ಹತ್ತಿರ ಆಗುತ್ತೆ ಅಂತಿದಾರೆ. ಆದ್ರೆ ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಕ್ಲೀನ್ ಇದೆ, ಸೈಲೆನ್ಸರಲ್ಲಿ ಬಿಳಿ ಹೊಗೆ ಇಲ್ಲ, ನೀರೂ ಕಮ್ಮಿ ಆಗ್ತಿಲ್ಲ, ರೇಡಿಯೇಟರ್ ಪಕ್ಕದ ಎಕ್ಸ್‌ಟ್ರಾ ನೀರಿನ ಡಬ್ಬದಲ್ಲಿ ಮ್ಯಾಕ್ಸ್ ಗೆರೆಗಿಂತ ಮೇಲೇ ಇದೆ. ಹೆಡ್ ಬಿಚ್ಚಿಸೋದಾ ಬೇಡ್ವಾ, ದಯವಿಟ್ಟು ಗೊತ್ತಿರೋರು ಹೇಳಿ.


ಗ್ರೀಸ್_ಕೈ:

ಸಾರ್, ಹೆಡ್ಡಿಗೆ ಕೈ ಹಾಕಿಸ್ಬೇಡಿ ಇನ್ನೂ. ಹೋಗಿದ್ರೂ ಹೋಗಿರಬಹುದು, ಆದ್ರೆ ಅದನ್ನ ಬಿಚ್ಚದೇನೇ ಟೆಸ್ಟ್ ಮಾಡೋಕೆ ದಾರಿ ಇದೆ, ಆ ಟೆಸ್ಟ್ ಮಾಡದೆ ಇಳಿಸೋಣ ಅಂತಾರಲ್ಲ ಅದು ನಂಗೆ ಇಷ್ಟ ಆಗಲ್ಲ.

ಮೊದ್ಲು ಯಾವ ಪಾರ್ಟು ಅಂತ ಯೋಚ್ನೆ ಮಾಡೋದು ಬಿಡಿ, ಯಾವಾಗ ಹೀಟ್ ಆಗುತ್ತೆ ಅನ್ನೋದನ್ನ ಹಿಡ್ಕೊಳಿ. ಸಿಗ್ನಲ್ಲಲ್ಲಿ ನಿಂತಾಗ ಮುಳ್ಳು ಏರಿ, ಗಾಡಿ ಓಡೋಕೆ ಶುರು ಆದ ತಕ್ಷಣ ಇಳಿದ್ರೆ ಅದು ಗಾಳಿ ಸಮಸ್ಯೆ, ಅಂದ್ರೆ ಫ್ಯಾನು, ಫ್ಯಾನಿಗೆ ಕರೆಂಟ್ ಕೊಡೋ ರಿಲೇ, ನೀರು ಬಿಸಿ ಆದಾಗ ಫ್ಯಾನ್ ಹಾಕೋ ತರ್ಮೋ ಸ್ವಿಚ್ಚು, ಇಲ್ಲಾ ಫ್ಯಾನ್ ಸುತ್ತ ಇರೋ ಕವರ್ ಒಡೆದು ಹೋಗಿರೋದು. ಓಡುವಾಗ ಅಷ್ಟು ಗಾಳಿ ತಾನಾಗೇ ಬರುತ್ತಲ್ಲ, ಅದಕ್ಕೇ ಫ್ಯಾನ್ ಸತ್ತಿದ್ರೂ ಹೈವೇಲಿ ಗೊತ್ತೇ ಆಗಲ್ಲ. ನಿಂತಾಗ ಚೆನ್ನಾಗಿದ್ದು, ಲೋಡ್ ಬಿದ್ದಾಗ ಏರ್ತಿದ್ರೆ ಅದು ನೀರಿನ ಸಮಸ್ಯೆ. ನೀರು ಕಮ್ಮಿ ಇದೆ, ಅಥವಾ ಇರೋ ನೀರು ಸರಿಯಾಗಿ ಸುತ್ತುತಾ ಇಲ್ಲ, ಅಥವಾ ಸುತ್ತಿದ ನೀರು ತಣ್ಣಗಾಗ್ತಿಲ್ಲ. ನಿಮ್ದು ಎರಡನೇದು. ಘಟ್ಟದಲ್ಲಿ ಸೆಕೆಂಡ್ ಗೇರಲ್ಲಿ ಇಂಜಿನ್ ಫುಲ್ ದುಡೀತಿರುತ್ತೆ, ಸ್ಪೀಡು ಮೂವತ್ತೋ ಮೂವತ್ತೈದೋ ಇರುತ್ತೆ, ಮುಂದಿಂದ ಬರೋ ಗಾಳಿನೂ ಕಮ್ಮಿ. ಊರಲ್ಲಿ ಅರ್ಧ ರೇಡಿಯೇಟರ್ ಸಾಕು, ಶಿರಾಡಿಗೆ ಪೂರ್ತಿ ಬೇಕು.

ತರ್ಮೋಸ್ಟಾಟ್ ತೆಗೆದು ಬಿಸಾಕೋದು ನಮ್ ಕಡೆ ಹಳೇ ಚಟ. ಅದರೊಳಗೆ ಮೇಣ ಇರುತ್ತೆ, ಬಿಸಿಗೆ ಮೇಣ ಹಿಗ್ಗಿ ವಾಲ್ವ್ ತೆಗೆಯುತ್ತೆ, ಸಾಮಾನ್ಯವಾಗಿ 82 ಇಲ್ಲಾ 88 ಡಿಗ್ರಿಗೆ ತೆಗೆಯೋಕೆ ಶುರು ಆಗುತ್ತೆ, ಆ ನಂಬರ್ ಅದರ ಮೇಲೇ ಒತ್ತಿರ್ತಾರೆ. ಅದು ಮುಚ್ಕೊಂಡೇ ಸ್ಟಕ್ ಆಗಿದ್ರೆ ಕಿತ್ತಾಗ ಹೀಟ್ ನಿಲ್ಬೇಕಿತ್ತು. ನಿಲ್ಲಲಿಲ್ಲ ಅಂದ್ರೆ ಕಳ್ಳ ಅವನಲ್ಲ ಅಂತ ಗೊತ್ತಾಯ್ತು, ಅಷ್ಟೇ ಲಾಭ. ಅದಿಲ್ದೇ ಇಂಜಿನ್ ತಣ್ಣಗೇ ಓಡುತ್ತೆ, ಚೋಕ್ ಜಾಸ್ತಿ ಹೊತ್ತು ಬೇಕಾಗುತ್ತೆ, ಪೆಟ್ರೋಲ್ ಕುಡಿಯುತ್ತೆ, ನೀವು ಹೇಳಿದ ಮೈಲೇಜ್ ಇಳಿದಿದ್ದು ಅದಕ್ಕೇ. ವಾಪಸ್ ಹಾಕಿಸಿ, ಹಾಕೋ ಮುಂಚೆ ಪಾತ್ರೇಲಿ ನೀರು ಕಾಯಿಸಿ ಅದರೊಳಗೆ ದಾರ ಕಟ್ಟಿ ಇಳಿಬಿಡಿ, ತೆಗೆಯೋದು ಕಣ್ಣಿಗೇ ಕಾಣುತ್ತೆ. ಅಂಗಡಿಯಿಂದ ಬರೋ ಹೊಸ ಪೀಸಲ್ಲೂ ತೆಗೆಯದೇ ಇರೋವು ಇರ್ತವೆ, ಹೊಸದು ಅಂತ ನಂಬ್ಕೊಂಡು ಕೂರಬಾರದು.

ಈಗ ನಾಳೆ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳನೇ ತೆಗೆದು ನೋಡಿ. ಡಬ್ಬ ನೋಡಿ ನೀರಿದೆ ಅನ್ಬೇಡಿ, ಡಬ್ಬ ಬೇರೆ ರೇಡಿಯೇಟರ್ ಬೇರೆ. ಕತ್ತಿನವರೆಗೂ ನೀರಿದೆಯಾ? ಬಣ್ಣ ಏನು? ಮೇಲಿನ ದಪ್ಪ ಹೋಸು ಚಪ್ಪಟೆ ಆಗಿದೆಯಾ? ಆಲ್ಟರ್ನೇಟರ್ ಬೆಲ್ಟು ಲೂಸಾ, ಅದರಲ್ಲೇ ವಾಟರ್ ಪಂಪೂ ತಿರುಗೋದು ನಿಮ್ಮ ಗಾಡೀಲಿ. ಮತ್ತೆ ಇಷ್ಟು ವರ್ಷ ಯಾವ ನೀರು ಹಾಕಿದೀರ, ಕೂಲಂಟಾ ಬೋರ್ ನೀರಾ? ಇಷ್ಟು ಹೇಳಿ, ಮುಂದೆ ನೋಡೋಣ.


ಕುಡ್ಲ_ಡ್ರೈವರ್:

ನಾನು ಮೆಕ್ಯಾನಿಕ್ ಅಲ್ಲ ಮಾರಾಯ್ರೆ, ಆದ್ರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಮೂರರಲ್ಲೂ ಗಾಡಿ ಓಡಿಸಿ ಅಭ್ಯಾಸ ಉಂಟು, ಹಾಗಾಗಿ ರಿಪೇರಿ ಆಗುವವರೆಗೆ ಘಟ್ಟದಲ್ಲಿ ಏನು ಮಾಡ್ಬೇಕು ಅಂತ ಮಾತ್ರ ಹೇಳ್ತೇನೆ.

ಮುಳ್ಳು ಅರ್ಧ ದಾಟಿದ ಕೂಡ್ಲೇ ಎಸಿ ಆಫ್ ಮಾಡಿ. ಎಸಿಯ ಕಂಡೆನ್ಸರ್ ರೇಡಿಯೇಟರಿನ ಎದುರಿಗೇ ಇರುವುದು, ಅದರ ಬಿಸಿ ಗಾಳಿಯೇ ಹಿಂದೆ ರೇಡಿಯೇಟರಿಗೆ ಹೋಗುವುದು. ನಿಮ್ಮ ಗಾಡಿಗೆ ಹೀಟರ್ ಉಂಟಾದ್ರೆ ಅದನ್ನು ಫುಲ್ ಬಿಸಿಗೆ ಹಾಕಿ ಬ್ಲೋವರ್ ಜೋರು ಮಾಡಿ, ಕಿಟಕಿ ತೆಗೀರಿ. ಕೂತವರಿಗೆ ಬೇಯ್ತದೆ, ಬೈತಾರೆ, ಬೈಲಿ. ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರೇ ಅಲ್ವಾ, ಮುಳ್ಳು ಇಳಿಯುವುದು ನಿಮ್ಮ ಕಣ್ಣೆದುರೇ ಕಾಣ್ತದೆ. ಮತ್ತೆ ಕೆಲವರು ಇಂಜಿನಿಗೆ ಆರಾಮ ಆಗ್ಲಿ ಅಂತ ಥರ್ಡ್ ಗೇರಲ್ಲಿ ಗುಯ್ಯ್ ಅಂತ ಎಳೆಸ್ತಾರೆ, ಅದು ಬೇಡ. ಸೆಕೆಂಡಿಗೆ ಹಾಕಿ ಆರ್‌ಪಿಎಂ ಸ್ವಲ್ಪ ಏರಿಸಿ ಹೋಗಿ, ಇಂಜಿನ್ ತಿರುಗಿದಷ್ಟೂ ಪಂಪು ತಿರುಗ್ತದೆ.

ನಿಲ್ಲಿಸಿದ್ರೆ ಕೂಡ್ಲೇ ಕೀ ತಿರುಗಿಸ್ಬೇಡಿ, ಆವಿ ಬರ್ತಿಲ್ಲ ಅಂತಾದ್ರೆ ಫ್ಯಾನ್ ಹಾಕಿಕೊಂಡು ಐಡಲಲ್ಲಿ ಬಿಡಿ, ನೀರು ಸುತ್ತುತ್ತಾ ಇರ್ಲಿ. ಆವಿ ಬರ್ತಾ ಉಂಟು, ಇಲ್ಲಾ ಮುಳ್ಳು ಕೆಂಪಿನಲ್ಲೇ ಅಂಟಿ ಕೂತಿದೆ ಅಂತಾದ್ರೆ ಮಾತ್ರ ತಕ್ಷಣ ಆಫ್. ಮುಚ್ಚಳ ಮುಟ್ಟಲೇಬೇಡಿ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿದುಕೊಳ್ಳಲಿಕ್ಕೆ ಆಗುವಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ಅರ್ಧ ತಿರುವು ತಿರುಗಿಸಿ, ಸುಂಯ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೀರಿ. ಬಾಟಲಿಯ ತಣ್ಣೀರನ್ನು ಬಿಸಿ ಇಂಜಿನಿಗೆ ಸುರಿಯುವವರನ್ನು ನೋಡಿದ್ದೇನೆ, ಜೆನ್ನಿನದ್ದು ಹೆಡ್ಡೂ ಬ್ಲಾಕೂ ಎರಡೂ ಅಲ್ಯೂಮಿನಿಯಂ, ಹಾಗೆ ಮಾಡಿದ್ರೆ ಇಲ್ಲದ ಗ್ಯಾಸ್ಕೆಟ್ ಕೆಲಸ ನೀವೇ ಕರೆದು ತಂದ ಹಾಗೆ.

ಇನ್ನೊಂದು, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಒಮ್ಮೆ ಟಾರ್ಚ್ ಹಾಕಿ ನೋಡಿ. ಮಳೆಗಾಲದಲ್ಲಿ ಎದುರಿನ ಲಾರಿ ಹಾರಿಸಿದ ಕೆಂಪು ಕೆಸರು, ಹುಳ, ಒಣಗಿದ ಎಲೆ ಎಲ್ಲ ಅಲ್ಲಿ ಹೋಗಿ ಕೂತಿರ್ತದೆ. ಮುಂದಿನಿಂದ ನೋಡಿದ್ರೆ ಏನೂ ಕಾಣುವುದಿಲ್ಲ. ಇಂಜಿನ್ ಕಡೆಯಿಂದ ಹೊರಗೆ ಬರುವ ಹಾಗೆ ನೀರು ಬಿಡ್ಬೇಕು, ಪ್ರೆಷರ್ ಕಮ್ಮಿ ಇರ್ಲಿ, ಸರ್ವಿಸ್ ಸ್ಟೇಷನ್ನಿನ ಗನ್ ಹತ್ತಿರ ಹಿಡಿದ್ರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳೆಲ್ಲ ಮಡಚಿ ಹೋಗ್ತವೆ.


ಹುಬ್ಳಿ_ವೈರಿಂಗ್:

ಎಲ್ಲಾರೂ ನೀರ ಹಿಂದ ಬಿದ್ದೀರಿ, ನಾ ಕರೆಂಟಿನ ಕಡಿಂದ ಹೇಳ್ತೀನಿ ನೋಡ್ರಿ. ಮೊದಲ ಆ ಮುಳ್ಳು ಖರೇ ಹೇಳ್ತದೋ ಸುಳ್ಳ ಹೇಳ್ತದೋ ತಿಳ್ಕೋರಿ. ನೀರು ಒಂದ ಸೆಕೆಂಡಿನ್ಯಾಗ ಕಾಯಂಗಿಲ್ಲ. ಮುಳ್ಳು ಟಕ್ ಅಂತ ಮ್ಯಾಲ ಹಾರಿ ಟಕ್ ಅಂತ ಇಳೀತಂದ್ರ ಅದು ವೈರ್ ಲೂಸ್, ಇಲ್ಲಾ ಅರ್ಥಿಂಗ್ ಸರಿ ಇಲ್ಲ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಳ್ಳಾಡತದೇನು ನೋಡ್ರಿ, ಪೆಟ್ರೋಲ್ ಮುಳ್ಳೂ ಅದರ ಜೋಡಿ ಏರಿದ್ರ ತಪ್ಪು ಮೀಟರಿನೊಳಗ ಐತಿ, ಇಂಜಿನ್ನಿನೊಳಗಲ್ಲ. ನಿಮ್ದು ಮೆಲ್ಲಕ ಏರತದ, ಮೆಲ್ಲಕ ಇಳೀತದ ಅಂದೀರಿ, ಹಂಗಾರ ಖರೇನ ಕಾಯಾಕತ್ತೈತಿ ಅಂತ ಹಿಡೀಬಹುದು. ಇದಕ್ಕ ಉಲ್ಟಾನೂ ಆಗ್ತದ, ಅದು ಭಾಳ ಕೆಟ್ಟದ್ದು: ನೀರು ಪೂರಾ ಕಡಿಮಿ ಆಗಿ ಸೆನ್ಸರ್ ನೀರಿನ ಹೊರಗ ಉಳೀತಂದ್ರ ಮುಳ್ಳು ಆರಾಮ ಕೆಳಗ ಕುಂತಿರತದ, ಕೆಳಗ ಇಂಜಿನ್ ಬೇಯ್ತಿರತದ.

ಎರಡನೇದ್ದು ಫ್ಯಾನ್. ಹಳೇ ಗಾಡಿ ಫ್ಯಾನಿನ ಮೋಟರಿನ್ಯಾಗ ಕಾರ್ಬನ್ ಬ್ರಶ್ ಸವದಿರತಾವ, ಒಂದ ಜಾಗಾದಾಗ ನಿಂತ್ರ ಮತ್ತ ಎಬ್ಬಸಾಕ ಆಗಂಗಿಲ್ಲ, ಬ್ಯಾರೆ ಜಾಗಾದಾಗ ನಿಂತ್ರ ಚಲೋ ತಿರಗತದ. ಇಂಥಾ ತ್ರಾಸು ಯಾವ ಮೆಕ್ಯಾನಿಕ್ ಮುಂದೂ ತೋರಸಂಗಿಲ್ಲ, ಗ್ಯಾರೇಜಿಗೆ ಒಯ್ದ ದಿನ ಭರ್ ಅಂತ ತಿರಗತದ. ಸ್ವಿಚ್ ಹಾಕಿದಾಗ ಫ್ಯಾನ್ ಏಳಲಿಲ್ಲಂದ್ರ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಕ ಬಡೀರಿ, ಎದ್ದತಂದ್ರ ಬ್ರಶ್ ಹೋಗ್ಯಾವ. ಬಟ್ಟು ದೂರ ಇಡ್ರಿ ಮತ್ತ.

ಇನ್ನ ಈ ಡೈರೆಕ್ಟ್ ಮಾಡೋ ಮಂದಿ ಒಂದ ಉಡಾಳ ಕೆಲಸ ಮಾಡಿರತಾರ. ಎರಡು ವೈರ್ ಅದಲಬದಲ ಹಚ್ಚಿದ್ರ ಫ್ಯಾನ್ ಉಲ್ಟಾ ತಿರಗತದ. ನಿಮಗ ಸೌಂಡ್ ಕೇಳತದ, ಫ್ಯಾನ್ ಓಡಾಕತ್ತೈತಿ ಅಂತ ಸಮಾಧಾನ, ಆದ್ರ ಅದು ಇಂಜಿನ್ ಕಡಿ ಗಾಳಿ ಎಳಕೊಳ್ಳೋದು ಬಿಟ್ಟು ಮುಂದಕ್ಕ ದೂಡ್ತಿರತದ, ಗಾಡಿ ಓಡಿದ್ರ ಎದುರಿನ ಗಾಳಿಗೂ ಅಡ್ಡ. ಒಂದ ಕಾಗದ ತಗೊಂಡು ಮುಂದಿನ ಗ್ರಿಲ್ಲಿಗೆ ಹಿಡೀರಿ. ಹತ್ತಿ ನಿಂತ್ರ ಸರಿ, ಹಾರಿ ಬಿತ್ತಂದ್ರ ಉಲ್ಟಾ. ಆಮೇಲೆ ಆ ಸ್ವಿಚ್ಚಿನ ವೈರ್ ಮುಟ್ಟಿ ನೋಡ್ರಿ, ರಿಲೇ ಇಲ್ದ ಪೂರಾ ಕರೆಂಟ್ ಸ್ವಿಚ್ಚಿನ್ಯಾಗ ಹಾಯ್ಸಿದ್ರ ಬಿಸಿ ಆಗಿರತದ, ಒಂದ ದಿನ ಡ್ಯಾಶ್‌ಬೋರ್ಡ್ ಕೆಳಗ ಹೊಗಿ ಬರತದ.


ಹಳ್ಳಿ_ಓಮ್ನಿ:

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ. ನಮ್ ಓಮ್ನಿಗೆ ತರ್ಮೋಸ್ಟಾಟೂ ಇಲ್ಲ ಕೂಲಂಟೂ ಇಲ್ಲ, ತೋಟದ ಬೋರ್ ನೀರೇ ಹಾಕೋದು, ವರ್ಷಗಳಿಂದ ಓಡ್ತಿದೆ. ಕೂಲಂಟು ಅನ್ನೋದು ಕಂಪನಿಯವ್ರು ದುಡ್ಡು ಮಾಡೋಕೆ ಮಾಡಿರೋದು.


ಗ್ರೀಸ್_ಕೈ:

ಓಡುತ್ತೆ ಅಣ್ಣ, ಓಡಲ್ಲ ಅಂತ ಯಾರೂ ಹೇಳಿಲ್ಲ. ನಿಮ್ ಓಮ್ನಿ ತೋಟದಿಂದ ಸಂತೆಗೆ ಸಂತೆಯಿಂದ ತೋಟಕ್ಕೆ ಓಡೋದಾದ್ರೆ ಇನ್ನೂ ಓಡ್ಲಿ. ಆದ್ರೆ ಬೋರ್ ನೀರಲ್ಲಿ ಸುಣ್ಣದಂಶ ಇರುತ್ತೆ, ಕಾದಾಗ ಪದರ ಕಟ್ಟುತ್ತೆ, ಸ್ನಾನದ ಮನೆ ಗೀಸರ್ ಕಾಯಿಲ್ ಬಿಚ್ಚಿ ನೋಡಿದೋರಿಗೆ ಗೊತ್ತು. ರೇಡಿಯೇಟರ್ ಟ್ಯೂಬಿನ ತೂತು ಎಷ್ಟು ಸಣ್ಣ ಇರುತ್ತೆ ಅಂದ್ರೆ ಉಗುರು ದಪ್ಪ ಪದರ ಕೂತ್ರೆ ಮುಗೀತು. ಕೂಲಂಟಲ್ಲಿ ತುಕ್ಕು ಹಿಡಿಯದ ಹಾಗೆ ತಡೆಯೋ ಕೆಮಿಕಲ್ ಇರುತ್ತೆ, ಅಲ್ಯೂಮಿನಿಯಂ ಇಂಜಿನ್ನಿಗೆ ಅದು ಬೇಕೇ ಬೇಕು. ಅದೂ ಶಾಶ್ವತ ಅಲ್ಲ, ಹಳೇ ತರದ ಹಸಿರು ಕೂಲಂಟಾದ್ರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಬಣ್ಣ ನೋಡಿ ಒಂದರ ಜೊತೆ ಇನ್ನೊಂದು ಬೆರೆಸೋದೂ ಬೇಡ, ಕೆಲವು ಕೂಡಿದ್ರೆ ಒಳಗೆ ಲೋಳೆ ತರ ಆಗಿಬಿಡುತ್ತೆ.


ಹಾಸನ್_ಜೆನ್:

ಎಲ್ರಿಗೂ ಥ್ಯಾಂಕ್ಸ್. ಕಾಗದದ ಟೆಸ್ಟ್ ಮಾಡ್ದೆ, ಗ್ರಿಲ್ಲಿಗೆ ಅಂಟ್ಕೊಂಡ್ ನಿಲ್ತು, ಫ್ಯಾನ್ ನೆಟ್ಟಗೇ ತಿರುಗ್ತಿದೆ. ಎಷ್ಟು ಸಲ ಆನ್ ಆಫ್ ಮಾಡಿದ್ರೂ ತಡ ಇಲ್ದೆ ಏಳುತ್ತೆ. ಆದ್ರೆ ಸ್ವಿಚ್ಚಿನ ವೈರ್ ನಿಜವಾಗ್ಲೂ ಬೆಚ್ಚಗಿತ್ತು, ಅದನ್ನ ನೋಡಿ ಗಾಬ್ರಿ ಆಯ್ತು.

ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದ್ರೆ ನೀರೇ ಕಾಣ್ಲಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಕತ್ತಿಂದ ಎರಡು ಬೆರಳಿಗಿಂತ ಜಾಸ್ತಿ ಕೆಳಗಿದೆ. ಪಕ್ಕದಲ್ಲೇ ಡಬ್ಬ ಮಾತ್ರ ತುಂಬಿ ತುಳುಕ್ತಿದೆ! ಬಣ್ಣ ಹಸಿರಲ್ಲ, ಟೀ ಡಿಕಾಕ್ಷನ್ ಬಣ್ಣ. ಮೇಲಿನ ಹೋಸ್ ಚಪ್ಪಟೆ ಏನಾಗಿಲ್ಲ, ಗುಂಡಗೇ ಇದೆ. ಬೆಲ್ಟ್ ಟೈಟಾಗಿದೆ. ನೀರಿನ ವಿಷಯ ಅಪ್ಪನ್ನ ಕೇಳ್ದೆ, ಮೊದಲು ಕೂಲಂಟ್ ಹಾಕಿಸ್ತಿದ್ರಂತೆ, ಆಮೇಲೆ ಗ್ಯಾರೇಜಲ್ಲಿ ಪೈಪ್ ಹಿಡಿದು ತುಂಬಿಸ್ತಿದ್ದಿದ್ದೇ ಅಂತೆ. ಕಂಡೆನ್ಸರ್ ಹಿಂದೆ ಸ್ವಲ್ಪ ಕೆಸರು ಇತ್ತು, ತೊಳೆದೆ, ಅಂಥಾ ಜಾಸ್ತಿ ಏನಿರ್ಲಿಲ್ಲ.

ಇನ್ನೊಂದು ಗಮನಿಸಿದ್ದು, ಹೀಟ್ ಆದ ಸಲ ಎಲ್ಲ ನಿಂತು ತಣ್ಣಗಾದ ಮೇಲೆ ರೇಡಿಯೇಟರಿಗೇ ನೀರು ಹಾಕಿದೀನಿ. ಅದಾದ ಮುಂದಿನ ಟ್ರಿಪ್ಪಲ್ಲಿ ಹೀಟ್ ಆಗಿದ್ದು ನೆನಪಿಲ್ಲ.


ಗ್ರೀಸ್_ಕೈ:

ಕೊನೇ ಸಾಲು ಮೊದಲೇ ಹೇಳಿದ್ರೆ ಅರ್ಧ ಕೆಲಸ ಆಗ್ತಿತ್ತು ಸಾರ್! ಒಂದ್ ಸಲ ಆಗುತ್ತೆ ಒಂದ್ ಸಲ ಆಗಲ್ಲ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ನೀರು ತುಂಬಿಸಿದಾಗ ಸರಿ ಇರುತ್ತೆ, ಓಡ್ತಾ ಓಡ್ತಾ ಲೆವೆಲ್ ಇಳಿಯುತ್ತೆ, ಇಳಿದಿರೋ ಟೈಮಲ್ಲಿ ಘಟ್ಟ ಸಿಕ್ರೆ ಏರುತ್ತೆ, ಊರಲ್ಲೇ ಇದ್ರೆ ಗೊತ್ತಾಗಲ್ಲ.

ಮುಚ್ಚಳ ಬರೀ ಮುಚ್ಚಳ ಅಲ್ಲ, ಎರಡು ವಾಲ್ವ್ ಇರುತ್ತೆ ಅದರಲ್ಲಿ. ದೊಡ್ಡ ಸ್ಪ್ರಿಂಗಿನದು ಪ್ರೆಷರ್ ಹಿಡಿಯೋಕೆ. ಮೇಲೆ 0.9 ಇಲ್ಲಾ 1.1 ಅಂತ ಬರೆದಿರುತ್ತೆ, ಅದು ಎಷ್ಟು ಪ್ರೆಷರಿಗೆ ತೆಗೆಯುತ್ತೆ ಅನ್ನೋ ಲೆಕ್ಕ. ಕುಕ್ಕರ್ ತರಾನೇ, ಪ್ರೆಷರ್ ಇದ್ರೆ ನೀರು ತಡವಾಗಿ ಕುದಿಯುತ್ತೆ, 0.9 ಮುಚ್ಚಳ ಸರಿಯಾಗಿ ಹಿಡಿದ್ರೆ ಬರೀ ನೀರೂ 118 ಡಿಗ್ರಿ ಹತ್ರದವರೆಗೂ ಕುದಿಯಲ್ಲ, ಕೂಲಂಟ್ ಇದ್ರೆ ಇನ್ನೂ ಮೇಲೆ. ಹಿಡಿದೇ ಇದ್ರೆ 100ಕ್ಕೇ ಕುದಿಯುತ್ತೆ, ಸಕಲೇಶಪುರ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆಯಲ್ಲ, ಅಲ್ಲಂತೂ 97ಕ್ಕೇ. ಕುದ್ದ ನೀರು ಡಬ್ಬಕ್ಕೆ ಓಡುತ್ತೆ.

ಚಿಕ್ಕ ವಾಲ್ವ್ ಮುಚ್ಚಳದ ಮಧ್ಯದಲ್ಲಿ ಒಂದು ತಟ್ಟೆ ತರ ಇರುತ್ತೆ, ಉಗುರಲ್ಲಿ ಎಳೆದು ಬಿಟ್ರೆ ಟಕ್ ಅಂತ ವಾಪಸ್ ಕೂರ್ಬೇಕು. ಇಂಜಿನ್ ತಣ್ಣಗಾದಾಗ ನೀರು ಕುಗ್ಗುತ್ತಲ್ಲ, ಆಗ ಡಬ್ಬಕ್ಕೆ ಹೋಗಿದ್ದ ನೀರನ್ನ ಇದರ ಮೂಲಕವೇ ವಾಪಸ್ ಎಳ್ಕೊಳೋದು. ಅದು ಅಂಟಿ ಹೋಗಿದ್ರೆ ನಿಮ್ ಹೋಸ್ ಬೆಳಿಗ್ಗೆ ಚಪ್ಪಟೆ ಆಗಿರ್ತಿತ್ತು. ಆಗಿಲ್ಲ. ಅಂದ್ರೆ ನೀರಿನ ಬದಲು ಗಾಳಿ ಎಳ್ಕೊಳ್ತಿದೆ, ಒಂದೋ ಮುಚ್ಚಳದ ಮೇಲಿನ ರಬ್ಬರ್ ವಾಷರ್ ಒಣಗಿ ಸೀಳಿದೆ, ಇಲ್ಲಾ ರೇಡಿಯೇಟರ್ ಕತ್ತಿಂದ ಡಬ್ಬಕ್ಕೆ ಹೋಗೋ ಸಣ್ಣ ಪೈಪು ಎಲ್ಲೋ ಬಿರುಕು ಬಿಟ್ಟಿದೆ. ಎರಡನ್ನೂ ಬದಲಾಯಿಸಿ, ಅಂಥಾ ಖರ್ಚಲ್ಲ. ಇರೋ ನಂಬರಿನ ಮುಚ್ಚಳಾನೇ ಹಾಕಿ, ಜಾಸ್ತಿ ಇದ್ರೆ ಒಳ್ಳೇದು ಅಂತ 1.1 ಹಾಕೋಕೆ ಹೋದ್ರೆ ಹಳೇ ಹೋಸು, ಹೀಟರ್ ಪೈಪು ಅಲ್ಲಲ್ಲಿ ಲೀಕ್ ಶುರು ಆಗುತ್ತೆ.

ಗ್ಯಾಸ್ಕೆಟ್ ಹೋಗಿದ್ರೂ ಡಬ್ಬ ತುಂಬುತ್ತೆ, ಸಿಲಿಂಡರಿನ ಗ್ಯಾಸು ನೀರನ್ನ ಹೊರಗೆ ದೂಡುತ್ತೆ. ಅದಕ್ಕೆ ಅದನ್ನೂ ಒಂದ್ಸಲ ಪಕ್ಕಾ ಮಾಡ್ಕೊಂಡ್ ಬಿಡಿ. ಮನೇಲೇ ನೋಡೋದಾದ್ರೆ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡ್ಕೊಳಿ, ನೀರಿನ್ನೂ ಬಿಸಿನೇ ಆಗಿಲ್ಲ ಆದ್ರೂ ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಾದ್ರೆ ಅನುಮಾನ ಪಡಿ. ಪಕ್ಕಾ ಟೆಸ್ಟ್ ಬೇಕಂದ್ರೆ ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಇರೋ ಗ್ಯಾರೇಜ್ ಹುಡುಕಿ, ರೇಡಿಯೇಟರ್ ಬಾಯಿಗೆ ಇಟ್ಟು ಅಲ್ಲಿಯ ಗಾಳಿ ಎಳೀತಾರೆ, ಎಕ್ಸಾಸ್ಟ್ ಗ್ಯಾಸ್ ಬರ್ತಿದ್ರೆ ನೀಲಿ ಹೋಗಿ ಹಳದಿ ಆಗುತ್ತೆ. ಹತ್ತು ನಿಮಿಷದ ಕೆಲಸ, ಹೆಡ್ ಇಳಿಸೋದಕ್ಕೆ ಹೋಲಿಸಿದ್ರೆ ಖರ್ಚೇ ಅಲ್ಲ.

ಟೀ ಬಣ್ಣದ ನೀರು ಅಂದ್ರಲ್ಲ, ಅದು ನಂಗೆ ಸಮಾಧಾನ ಕೊಡ್ತಿಲ್ಲ. ಮುಚ್ಚಳ ಹಾಕಿದ್ ಮೇಲೂ ಘಟ್ಟದಲ್ಲಿ ಏರಿದ್ರೆ ಇಂಜಿನ್ ಬಿಸಿ ಇರುವಾಗ್ಲೇ ಟೆಂಪರೇಚರ್ ಗನ್ ಇಟ್ಕೊಂಡು ರೇಡಿಯೇಟರ್ ಮುಖದ ಮೇಲೆ ಅಡ್ಡಡ್ಡ ಉದ್ದುದ್ದ ಓಡಿಸಿ. ನೀರು ಹರೀತಿರೋ ಕಡೆ ಬಿಸಿ ತೋರ್ಸುತ್ತೆ, ಕಟ್ಟಿರೋ ಕಡೆ ತಣ್ಣಗಿರುತ್ತೆ. ಎಸಿ ಕಂಡೆನ್ಸರ್ ಅಡ್ಡ ಇರೋದ್ರಿಂದ ಹಿಂದಿನಿಂದ, ಫ್ಯಾನ್ ಆಫ್ ಮಾಡಿ, ಸಂದೀಲಿ ನೋಡ್ಬೇಕಾಗುತ್ತೆ.


ಕುಡ್ಲ_ಡ್ರೈವರ್:

ಮುಚ್ಚಳದ್ದು ಇಷ್ಟು ಕತೆ ಉಂಟು ಅಂತ ನನಗೂ ಗೊತ್ತಿರಲಿಲ್ಲ ಮಾರಾಯ್ರೆ. ನಾಳೆಯೇ ನಮ್ಮ ಗಾಡಿದ್ದು ತೆಗೆದು ನೋಡ್ತೇನೆ.


ಹಾಸನ್_ಜೆನ್:

ಅಪ್‌ಡೇಟ್ ಕೊಡೋದು ಸ್ವಲ್ಪ ತಡ ಆಯ್ತು, ಮಧ್ಯೆ ಮಂಗಳೂರಿಗೆ ಹೋಗಿ ಬರೋ ಅವಕಾಶಕ್ಕೆ ಕಾಯ್ತಿದ್ದೆ.

ಮುಚ್ಚಳದ ರಬ್ಬರ್ ಪೂರ್ತಿ ಹೋಗಿತ್ತು, ಉಗುರಲ್ಲಿ ಕೆರೆದ್ರೆ ಕಪ್ಪು ಪುಡಿ ಬರ್ತಿತ್ತು. ಹೊಸ 0.9 ಮುಚ್ಚಳ, ಡಬ್ಬದ ಪೈಪು ಎರಡೂ ಹಾಕಿಸ್ದೆ. ಮಾರನೇ ದಿನ ಬೆಳಿಗ್ಗೆ ಡಬ್ಬದ ನೀರು ಇಳಿದು ರೇಡಿಯೇಟರ್ ಕತ್ತಿನವರೆಗೂ ತುಂಬಿತ್ತು, ಆಮೇಲೂ ಹಂಗೇ ಇದೆ. ಬ್ಲಾಕ್ ಟೆಸ್ಟರ್ ಇರೋ ಗ್ಯಾರೇಜ್ ಬೆಂಗಳೂರಲ್ಲಿ ಸಿಕ್ತು, ದ್ರಾವಣ ನೀಲಿ ನೀಲಿಯಾಗೇ ಇತ್ತು, ಆರ್‌ಪಿಎಂ ಏರಿಸಿ ಇಟ್ರೂ ಬದಲಾಗ್ಲಿಲ್ಲ. ಹೆಡ್ ಬಚಾವ್.

ಆದ್ರೆ ಗ್ರೀಸ್_ಕೈ ಸಾರ್ ಅನುಮಾನ ಪಟ್ಟಿದ್ದೂ ಸರಿಯಾಗಿತ್ತು. ಮುಚ್ಚಳ ಹಾಕಿದ್ ಮೇಲೆ ಶಿರಾಡಿ ಹತ್ತುವಾಗ ಕೆಂಪಿಗೆ ಹೋಗ್ಲಿಲ್ಲ, ಆದ್ರೆ ಎಸಿ ಹಾಕಿದ್ರೆ ಮುಕ್ಕಾಲಿಗೆ ಬರ್ತಿತ್ತು, ಲಾರಿ ಹಿಂದೆ ಸಿಕ್ಕಿ ನಿಧಾನ ಆದ್ರಂತೂ ಇನ್ನೂ ಮೇಲೆ. ಗನ್ ಇಟ್ಟು ನೋಡಿದ್ರೆ ರೇಡಿಯೇಟರಿನ ಒಂದು ಕಡೆ ಕೆಳಮೂಲೆ ಪೂರ್ತಿ ತಣ್ಣಗೆ, ಕೈ ಇಟ್ಟು ಹಿಡ್ಕೊಬಹುದು ಅಷ್ಟು ತಣ್ಣಗೆ, ಒಂದು ಗೇಣು ಆಚೆ ಕೈ ಸುಡುತ್ತೆ. ರೇಡಿಯೇಟರ್ ಅಂಗಡಿಯವ್ರು ಟ್ಯಾಂಕ್ ಬಿಚ್ಚಿ ಕರೆದು ತೋರ್ಸಿದ್ರು. ಟ್ಯೂಬಿನ ಬಾಯಿ ಸಾಲಾಗಿ ಕಾಣುತ್ತೆ, ಆ ಮೂಲೇಲಿ ಒಂದಕ್ಕೂ ಬಾಯೇ ಇಲ್ಲ, ಬಿಳಿ ಕಂದು ಬಣ್ಣದ ಚಕ್ಕೆ ಗಟ್ಟಿ ಕೂತ್ಬಿಟ್ಟಿದೆ, ಸ್ಕ್ರೂಡ್ರೈವರ್ ತುದೀಲಿ ಕೆದಕಿದ್ರೆ ಸುಣ್ಣದ ತರ ಉದುರುತ್ತೆ. ಕಡ್ಡಿ ಹಾಕಿ ಕ್ಲೀನ್ ಮಾಡ್ಕೊಡ್ತೀನಿ ಅಂದ್ರು, ಆದ್ರೆ ರೆಕ್ಕೆಗಳೂ ಮುಟ್ಟಿದ್ರೆ ಪುಡಿ ಆಗ್ತಿದ್ವು, ಹೊಸದೇ ಹಾಕಿಸ್ದೆ, ಬೆಂಗಳೂರು ಜೆ.ಸಿ. ರಸ್ತೇಲಿ ಸಿಕ್ತು. ಇಂಜಿನ್ ಒಳಗಿನ ನೀರನ್ನ ಕೆಳಗಿನ ಹೋಸ್ ತೆಗೆದು ಬಿಟ್ಟು, ತಿಳಿ ಬರೋವರೆಗೂ ಫ್ಲಶ್ ಮಾಡಿ, ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಅರ್ಧ ಅರ್ಧ ಹಾಕಿದೀವಿ.

ಮೊನ್ನೆ ಮಧ್ಯಾಹ್ನದ ಬಿಸಿಲಲ್ಲಿ ಮನೆಯವ್ರೆಲ್ಲ ಕೂತು ಎಸಿ ಹಾಕ್ಕೊಂಡೇ ಶಿರಾಡಿ ಹತ್ತಿದ್ವಿ, ಮುಳ್ಳು ಅರ್ಧದ ಕೆಳಗಿಂದ ಅಲ್ಲಾಡ್ಲಿಲ್ಲ. ಅಪ್ಪ ದಾರಿಯುದ್ದಕ್ಕೂ ರಸ್ತೆ ನೋಡೋ ಬದಲು ಮೀಟರನ್ನೇ ನೋಡ್ಕೊಂಡ್ ಕೂತಿದ್ರು.

ಈಗ ಎರಡು ಪ್ರಶ್ನೆ ಉಳಿದಿದೆ. ತರ್ಮೋಸ್ಟಾಟ್ ಇನ್ನೂ ಹಾಕಿಲ್ಲ, ಘಟ್ಟದ ಓಡಾಟಕ್ಕೆ 82 ಒಳ್ಳೇದಾ 88ಆ? ಆ ಫ್ಯಾನ್ ಸ್ವಿಚ್ ತೆಗೆಸಿಬಿಡ್ಲಾ ಅಥವಾ ಎಮರ್ಜೆನ್ಸಿಗೆ ಇರ್ಲಾ?


ಗ್ರೀಸ್_ಕೈ:

ಗಾಡಿಗೆ ಮೊದಲು ಯಾವ ನಂಬರಿಂದು ಬಂದಿತ್ತೋ ಅದೇ ಹಾಕಿ, ಅಂಗಡಿಯವ್ರು ಪಾರ್ಟ್ ನಂಬರ್ ನೋಡಿ ಕೊಡ್ತಾರೆ. 82 ಹಾಕಿದ್ರೆ ಘಟ್ಟದಲ್ಲಿ ತಂಪಾಗಿರುತ್ತೆ ಅನ್ನೋದು ಸುಳ್ಳು, ಅದು ಎಷ್ಟಕ್ಕೆ ತೆಗೆಯೋಕೆ ಶುರು ಮಾಡುತ್ತೆ ಅಂತಷ್ಟೇ, ವಾಲ್ವ್ ಪೂರ್ತಿ ತೆರೆದ ಮೇಲೆ ಎರಡೂ ಒಂದೇ. ಹಾಕುವಾಗ ವಾಲ್ವಲ್ಲಿ ಒಂದು ಸಣ್ಣ ತೂತೋ ಅಳ್ಳಾಡೋ ಪಿನ್ನೋ ಇರುತ್ತೆ, ಗಾಳಿ ಹೋಗೋಕೆ, ಅದು ಮೇಲ್ಗಡೆ ಬರೋ ಹಾಗೆ ಕೂರಿಸ್ಬೇಕು. ಆಮೇಲೆ ಮುಚ್ಚಳ ತೆಗೆದಿಟ್ಟು, ಹೀಟರ್ ನಾಬ್ ಬಿಸಿಗೆ ಇಟ್ಟು, ಐಡಲಲ್ಲಿ ಬಿಡಿ, ಗುಳ್ಳೆ ಬರೋದು ನಿಲ್ಲೋವರೆಗೂ ಕೂಲಂಟ್ ಹಾಕ್ತಾ ಇರಿ. ಒಳಗೆ ಗಾಳಿ ಸಿಕ್ಕಿ ಏರ್ ಲಾಕ್ ಉಳಿದ್ರೆ ಮತ್ತೆ ಒಂದ್ ಸಲ ಏರುತ್ತೆ ಒಂದ್ ಸಲ ಏರಲ್ಲ ಅಂತ ಇಲ್ಲಿಗೇ ಬರ್ತೀರ.


ಹುಬ್ಳಿ_ವೈರಿಂಗ್:

ಸ್ವಿಚ್ ಇರ್ಲಿ, ವೈರಿಂಗ್ ಮಾತ್ರ ಬದಲಿ ಮಾಡಸ್ರಿ. ತರ್ಮೋ ಸ್ವಿಚ್ಚಿನ ಕನೆಕ್ಷನ್ ಮೊದಲಿನಂಗ ವಾಪಸ್ ಕೊಡಸ್ರಿ, ಫ್ಯಾನ್ ತಾನ ಹತ್ಲಿ. ನಿಮ್ಮ ಸ್ವಿಚ್ ರಿಲೇ ಕಾಯಿಲಿಗೆ ಅಷ್ಟ ಹಚ್ಚಸ್ರಿ, ಫ್ಯಾನಿನ ಪೂರಾ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಹಾದು ರಿಲೇದಾಗ ಹೋಗ್ಲಿ. ಫ್ಯೂಸ್ ಬ್ಯಾಟರಿ ಸಮೀಪ ಇರಬೇಕು, ಡ್ಯಾಶ್‌ಬೋರ್ಡ್ ಕೆಳಗಲ್ಲ. ಮತ್ತ ಈಗಿನ ಆ ವೈರ್ ಎಷ್ಟು ದಪ್ಪ ಐತಿ ಒಂದ ಫೋಟೋ ಹಾಕ್ರಿ ನೋಡೂಣು.